ಆಫೀಸ್ ಬರ್ತ್‌ಡೇ: ಮೊದಲು ಒಂದು ಮಾತು ಕೇಳಿ

ಎಲ್ಲರಿಗೂ ನಮಸ್ಕಾರ. ನೀವು ಬೆಂಗಳೂರಿನ ಯಾವುದಾದರೂ ಕಂಪನಿಯಲ್ಲಿದ್ದರೆ ಜೂನ್ 1ನೇ ತಾರೀಖು ಬೆಳಗ್ಗೆ ಆಫೀಸ್ ಮೇಲ್ ತೆಗೆದು ನೋಡಿ. ಬಲೂನಿನ ಚಿತ್ರ, ಅದರ ಕೆಳಗೆ ಇವತ್ತು ಹುಟ್ಟುಹಬ್ಬ ಇರುವವರ ಉದ್ದನೆಯ ಪಟ್ಟಿ. ಅದರಲ್ಲಿ ಹಾಸನದವರು, ಕೊಪ್ಪಳದವರು, ಚಾಮರಾಜನಗರದವರು ಎಲ್ಲ ಇರುತ್ತಾರೆ. ಇಷ್ಟೂ ಜನ ಒಂದೇ ದಿನ ಹುಟ್ಟಿದರಾ? ಇಲ್ಲ ಸ್ವಾಮಿ. ಶಾಲೆಗೆ ಸೇರಿಸಲು ಹೋದಾಗ ಹೆಡ್‌ಮಾಸ್ಟರು ಹುಟ್ಟಿದ ದಿನ ಕೇಳಿದ್ದಾರೆ, ಅಪ್ಪ "ಯುಗಾದಿ ಆದ್ಮೇಲೆ, ಊರ ಜಾತ್ರೆಗೆ ಮುಂಚೆ" ಅಂದಿದ್ದಾರೆ. ಒಂದನೇ ಕ್ಲಾಸಿಗೆ ವಯಸ್ಸು ಲೆಕ್ಕ ಹಾಕುವುದೇ ಜೂನ್ 1ಕ್ಕೆ, ಹಾಗಾಗಿ ಮೇಷ್ಟ್ರು ಅದನ್ನೇ ಬರೆದು ಕೈ ತೊಳೆದುಕೊಂಡರು. ಅದು ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡಿಗೆ ಬಂತು, ಅಲ್ಲಿಂದ ಆಧಾರ್, ಪ್ಯಾನ್, ಪಾಸ್‌ಪೋರ್ಟ್, ಕೊನೆಗೆ ಎಚ್‌ಆರ್ ಸಾಫ್ಟ್‌ವೇರಿಗೆ. ಸರ್ಕಾರಿ ನೌಕರರಿಗೆ ಇದರ ಬಿಸಿ ಇನ್ನೂ ಜಾಸ್ತಿ. 60ಕ್ಕೆ ನಿವೃತ್ತಿ, ಅದರಲ್ಲೂ 1ನೇ ತಾರೀಖು ಹುಟ್ಟಿದವರು ಹಿಂದಿನ ತಿಂಗಳ ಕೊನೆ ದಿನವೇ ಹೊರಡಬೇಕು. ಮೇ 31ರಂದು ಕಚೇರಿಗಳಲ್ಲಿ ಹಾರ, ಶಾಲು, ಮೈಸೂರು ಪೇಟ ಅಂತ ಅಷ್ಟೊಂದು ಓಡಾಟ ಯಾಕೆ ಅಂತ ಈಗ ಗೊತ್ತಾಯ್ತಲ್ಲ.

ಇರಲಿ, ಸಾಫ್ಟ್‌ವೇರಿಗೇನು ಗೊತ್ತು. ನನ್ನ ತಕರಾರು ಮನುಷ್ಯರ ಮೇಲೆ. ಒಬ್ಬರ ಹುಟ್ಟುಹಬ್ಬ ಮಾಡುವ ಮೊದಲು ಅವರನ್ನು ಒಂದು ಮಾತು ಕೇಳಲು ಏನು ಕಷ್ಟ?

ನಡೆಯುವುದು ಹೀಗೆ. ಹಿಂದಿನ ದಿನ ಆ ಒಬ್ಬರನ್ನು ಬಿಟ್ಟು ಒಂದು ವಾಟ್ಸ್ಆ್ಯಪ್ ಗ್ರೂಪ್ ಶುರುವಾಗುತ್ತದೆ. ತಲೆಗೆ ನೂರು ರೂಪಾಯಿ, ಫೋನ್‌ಪೇ ಮಾಡಿ. ಮೊನ್ನೆ ತಾನೇ ಸೇರಿದ ಟ್ರೈನಿಗೂ ನೂರು, ಮ್ಯಾನೇಜರಿಗೂ ನೂರು. ತಿಂಗಳಿಗೆ ನಾಲ್ಕೈದು ಬಂದರೆ ಪಿಜಿಯಲ್ಲಿರುವ ಹುಡುಗ ಏನು ಮಾಡಬೇಕು ಹೇಳಿ. ಕೊಡಲ್ಲ ಅನ್ನೋಕೂ ಆಗಲ್ಲ ಅಲ್ವಾ, ಯಾರು ಕೊಟ್ಟಿಲ್ಲ ಅಂತ ಪಟ್ಟಿ ಹಾಕುತ್ತಾರೆ. ಸಂಜೆ ಎಲ್ಲರೂ ಪ್ಯಾಂಟ್ರಿಯಲ್ಲಿ. ಎಗ್‌ಲೆಸ್ ಬ್ಲ್ಯಾಕ್ ಫಾರೆಸ್ಟ್, ಯಾಕಂದ್ರೆ ಒಬ್ಬರಿಗೆ ಮೊಟ್ಟೆಯೇ ಆಗಲ್ಲ, ಇನ್ನೊಬ್ಬರಿಗೆ ಸೋಮವಾರ ಆಗಲ್ಲ. ಹಾಡು ಜೋರಾಗಿಯೇ ಶುರುವಾಗುತ್ತದೆ, ಹೆಸರು ಹೇಳುವ ಜಾಗಕ್ಕೆ ಬಂದಾಗ ಮಾತ್ರ ಅರ್ಧ ಜನ ಗೊಣಗಿ ದಾಟಿಸುತ್ತಾರೆ, ಕೇಕಿಗೆ ಅಂತಲೇ ಪಕ್ಕದ ಟೀಮಿನಿಂದ ಬಂದವರಿಗೆ ಅವರ ಹೆಸರು ಎಲ್ಲಿ ಗೊತ್ತು? ಪಾಪ, ನಡುವೆ ನಿಂತವರು ಪ್ಲಾಸ್ಟಿಕ್ ಚಾಕು ಹಿಡಿದು ತಾವೂ ಚಪ್ಪಾಳೆ ತಟ್ಟಬೇಕಾ ಬೇಡವಾ ಅಂತ ಗೊತ್ತಾಗದೆ ನಗುತ್ತಿರುತ್ತಾರೆ. ಆಮೇಲೆ ಮುಖಕ್ಕೆ ಕ್ರೀಮ್. ತಿನ್ನುವ ಪದಾರ್ಥವನ್ನು ಕಿವಿಗೆ ಮೆತ್ತುವುದು ಅದೆಂಥ ಪ್ರೀತಿಯೋ ನನಗಂತೂ ತಿಳಿಯದು.

ಇದರಿಂದ ನಿಜವಾಗಿ ಖುಷಿಪಡುವವರೂ ಇದ್ದಾರೆ, ಇಲ್ಲ ಅನ್ನಲ್ಲ. ಊರು ಬಿಟ್ಟು ಬಂದು ರೂಮಿನಲ್ಲಿ ಒಬ್ಬರೇ ಇರುವವರಿಗೆ ಆ ದಿನ ಯಾರಾದರೂ ನೆನಪಿಟ್ಟುಕೊಂಡರೆ ಅದೇ ದೊಡ್ಡದು. ಆದರೆ ಪಕ್ಕದ ಸೀಟಿನಲ್ಲಿ ಹೋದ ತಿಂಗಳಷ್ಟೇ ಅಪ್ಪನನ್ನು ಕಳೆದುಕೊಂಡವರು ಇರಬಹುದು. ಹುಟ್ಟುಹಬ್ಬವನ್ನೇ ಆಚರಿಸದ ನಂಬಿಕೆಯವರು ಇರಬಹುದು. ಹತ್ತು ಜನರ ನಡುವೆ ಸುಮ್ನೆ ನಿಲ್ಲುವುದೇ ಹಿಂಸೆ ಅನ್ನುವವರು ಇರಬಹುದು.

ಅಮೆರಿಕದ ಕೆಂಟಕಿಯಲ್ಲಿ 2019ರಲ್ಲಿ ಒಬ್ಬ ನೌಕರ, ತನಗೆ ಪ್ಯಾನಿಕ್ ಅಟ್ಯಾಕ್ ತೊಂದರೆ ಇದೆ, ಹುಟ್ಟುಹಬ್ಬ ಮಾಡಬೇಡಿ ಅಂತ ಮೊದಲೇ ಹೇಳಿದ್ದ. ಆದರೂ ಊಟದ ಹೊತ್ತಿಗೆ ಪಾರ್ಟಿ ಇಟ್ಟರು. ಆತ ಎದ್ದು ಹೋಗಿ ಕಾರಿನಲ್ಲಿ ಕೂತ. ಮರುದಿನ ಮೀಟಿಂಗಿನಲ್ಲಿ ಅದನ್ನೇ ಎತ್ತಿ ಆಡಿದರು, ಮತ್ತೆ ಅಟ್ಯಾಕ್ ಬಂತು, ಕೊನೆಗೆ ಕೆಲಸದಿಂದಲೇ ತೆಗೆದರು. 2022ರಲ್ಲಿ ಜ್ಯೂರಿ ಆತನಿಗೆ 4,50,000 ಡಾಲರ್ ಕೊಡಿ ಅಂತ ತೀರ್ಪು ಕೊಟ್ಟಿತು. ನಮ್ಮಲ್ಲಿ ಹೀಗೆ ಕೋರ್ಟಿಗೆ ಯಾರು ಹೋಗುತ್ತಾರೆ? ಆ ದಿನಕ್ಕೆ ಒಂದು ಸಿಕ್ ಲೀವ್ ಹಾಕಿ ಮನೆಯಲ್ಲಿ ಉಳಿಯುತ್ತಾರೆ ಅಷ್ಟೇ.

ನನಗೆ ಎಲ್ಲಕ್ಕಿಂತ ಚುಚ್ಚುವುದು ಬೇರೆ. ಕೇಕ್ ಮುಗಿದ ಮೇಲೆ ಟೇಬಲ್ಲಿಗೆ, ನೆಲಕ್ಕೆ ಅಂಟಿದ ಕ್ರೀಮ್ ಒರೆಸುವವರು ಹೌಸ್‌ಕೀಪಿಂಗ್ ಅಕ್ಕ. ಆ ಫ್ಲೋರಿನಲ್ಲಿ ಎಷ್ಟೋ ಮ್ಯಾನೇಜರುಗಳಿಗಿಂತ ಆಕೆಯೇ ಹಳಬರು. ಆದರೆ ಆಕೆಯ ಹೆಸರಿರುವುದು ಏಜೆನ್ಸಿಯ ರಿಜಿಸ್ಟರಿನಲ್ಲಿ, ಹಾಗಾಗಿ ಬಲೂನಿನ ಮೇಲ್ ಆಕೆಯ ಹೆಸರಲ್ಲಿ ಯಾವತ್ತೂ ಹೊರಡುವುದಿಲ್ಲ. ಸೆಕ್ಯುರಿಟಿಯವರದ್ದೂ ಅಷ್ಟೇ, ಕ್ಯಾಬ್ ಡ್ರೈವರದ್ದೂ ಅಷ್ಟೇ. ಉಳಿದ ತುಂಡನ್ನು ಟಿಶ್ಯೂದಲ್ಲಿ ಸುತ್ತಿ "ತಗೊಳ್ಳಿ ಅಕ್ಕ" ಅಂತ ಕೊಟ್ಟರೆ ಮುಗಿಯಿತು. ಅದೇ, ಕೆಲಸದಿಂದ ತೆಗೆಯಲು ತೀರ್ಮಾನ ಆಗಿರುವವರಿಗೆ ಮಾತ್ರ, ನೀವು ನಮ್ಮ ಕುಟುಂಬದ ಅಮೂಲ್ಯ ಸದಸ್ಯರು ಅಂತ ಮೇಲ್ ಠೀವಿಯಿಂದ ಹೋಗುತ್ತದೆ, ಸರಿಯಾಗಿ ರಾತ್ರಿ 12ಕ್ಕೆ.

ಮಾಡಬೇಕಾದ್ದು ಬೆಟ್ಟದಷ್ಟೇನಿಲ್ಲ. ಸೇರುವ ದಿನ ಹತ್ತಾರು ಫಾರ್ಮ್ ತುಂಬಿಸುತ್ತೀರಲ್ಲ, ಅದರಲ್ಲಿ ಇನ್ನೆರಡು ಸಾಲು ಹಾಕಿ: ನಿಮ್ಮ ಹುಟ್ಟುಹಬ್ಬ ನಾಲ್ಕು ಜನರಿಗೆ ತಿಳಿಯುವುದು ನಿಮಗೆ ಇಷ್ಟವಾ, ಇಷ್ಟವಾದರೆ ಯಾವ ದಿನ. ವರ್ಷ ಬೇಡ. ದಾಖಲೆಯ ತಾರೀಖು ಪಿಎಫ್‌ಗೆ ಇರಲಿ. ಏಜೆನ್ಸಿಯಿಂದ ಬಂದವರನ್ನೂ ಇದೇ ಪ್ರಶ್ನೆ ಕೇಳಿ. ಕೇಕಿನ ದುಡ್ಡು ಕಂಪನಿ ಕೊಡಲಿ, ಚಂದಾ ಎತ್ತುವುದು ನಿಲ್ಲಲಿ. ನನ್ನನ್ನು ಕೇಳಿದರೆ ಕೇಕೂ ಬೇಡ. ಆವತ್ತು ಮೂರು ಗಂಟೆಗೆ ಬಿಟ್ಟುಬಿಡಿ, ಟ್ರಾಫಿಕ್ ಶುರುವಾಗುವ ಮೊದಲು ಸಿಲ್ಕ್ ಬೋರ್ಡ್ ದಾಟಿಕೊಳ್ಳುತ್ತೇವೆ.