ಹೋದಲ್ಲೆಲ್ಲ ಒಂದು ಓಣಿ

ಕೇಳುಗರೆಲ್ಲರಿಗೂ ನಮಸ್ಕಾರ.

ಹುಬ್ಬಳ್ಳಿಯ ಸಿದ್ಧಾರೂಢ ಸ್ವಾಮೀಜಿ ರೈಲು ನಿಲ್ದಾಣದ ಪ್ಲಾಟ್‌ಫಾರ್ಮ್ 1507 ಮೀಟರ್ ಉದ್ದವಿದೆ, ಜಗತ್ತಿನಲ್ಲಿಯೇ ಅತಿ ಉದ್ದನೆಯದು ಎಂದು ನಾವೆಲ್ಲ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. 2024ರ ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ, ಮೂರನೆಯ ಇಯತ್ತೆ ಮುಗಿಸಿದ ಮಗಳ ಕೈ ಹಿಡಿದು, ಎರಡು ಚೀಲ ಹೊತ್ತು ಅದರ ಮೇಲೆ ನಡೆಯುವಾಗ ಆ ಉದ್ದ ನನಗೆ ಬೇರೆಯದೇ ರೀತಿಯಲ್ಲಿ ಅರ್ಥವಾಯಿತು. ಅರ್ಧ ದಾರಿಯಲ್ಲಿ ಮಗಳು ನೀರು ಬೇಕೆಂದಳು. ಅಂಗಡಿ ಹಿಂದೆ ಉಳಿದಿತ್ತು. ಸಾಮಾನು ಬಿಟ್ಟು ಹೋಗುವಂತಿರಲಿಲ್ಲ, ಸಾಮಾನು ಕಾಯಲು ಮಗಳನ್ನು ಬಿಡುವಂತಿರಲಿಲ್ಲ, ಎಂಟು ವರ್ಷದ ಹುಡುಗಿಯನ್ನು ಆ ಗದ್ದಲದಲ್ಲಿ ಒಬ್ಬಳನ್ನೇ ಕಳಿಸುವಂತೆಯೂ ಇರಲಿಲ್ಲ. ಇಬ್ಬರೂ ಸಾಮಾನು ಸಮೇತ ಹಿಂದಿರುಗಿ, ನೀರು ಕೊಂಡು, ಮತ್ತೆ ನಡೆದೆವು.

ಒಂಬತ್ತು ತಿಂಗಳ ಪ್ರವಾಸದಿಂದ ಮರಳಿದ ಮೇಲೆ ಜನ ನನ್ನನ್ನು ಕೇಳುವುದು ಧೈರ್ಯದ ಬಗ್ಗೆ, ಇಲ್ಲವೇ ಹಣದ ಬಗ್ಗೆ. ಹೊರಡುವ ಮೊದಲು ಓಣಿಯ ಹಿರಿಯರು ಕೇಳಿದ್ದೂ ಅದನ್ನೇ: "ಒಬ್ಬಾಕೀನ, ಕೂಸಿನ್ನ ಕಟಗೊಂಡು ಹೆಂಗ ಹೋಗ್ತಿ?" ಅವರ ಮಾತಿನಲ್ಲಿ ಕಾಳಜಿಯಿತ್ತು, ನಾನು ಅದನ್ನು ಹಗುರವಾಗಿ ಕಾಣಲಿಲ್ಲ. ಹಣಕ್ಕೆ ಒಂದು ದಾರಿ ಇತ್ತು. ಧಾರವಾಡದ ಮನೆಯನ್ನು ಬಾಡಿಗೆಗೆ ಕೊಟ್ಟಿದ್ದೆ, ಅನುವಾದದ ನನ್ನ ಕೆಲಸವನ್ನು ಲ್ಯಾಪ್‌ಟಾಪ್ ಇದ್ದಲ್ಲಿ ಕುಳಿತು ಮಾಡಬಹುದಿತ್ತು. ಆದರೆ ಪ್ಲಾಟ್‌ಫಾರ್ಮಿನಲ್ಲಿ ನನಗೆ ಕೊರತೆಯಾದದ್ದು ಹಣವಲ್ಲ, ಧೈರ್ಯವೂ ಅಲ್ಲ. ಹತ್ತು ನಿಮಿಷ ಮಗುವನ್ನೋ ಚೀಲವನ್ನೋ ನೋಡಿಕೊಳ್ಳುವ ಇನ್ನೊಬ್ಬ ದೊಡ್ಡವರು ಇರಲಿಲ್ಲ, ಅಷ್ಟೇ. ತಂದೆಯೋ ತಾಯಿಯೋ ಒಬ್ಬರೇ ಮಗುವನ್ನು ಕರೆದುಕೊಂಡು ದೀರ್ಘಕಾಲ ದೇಶ ಸುತ್ತುವುದರ ಕಷ್ಟವೆಲ್ಲ ಈ ಒಂದು ಕೊರತೆಯಿಂದಲೇ ಹುಟ್ಟುತ್ತದೆ ಎಂದು ನಾನು ತಿಳಿದಿದ್ದೇನೆ. ಆ ಕೊರತೆಯನ್ನು ನಾವು ಹೇಗೆ ತುಂಬಿಕೊಂಡೆವು ಎಂಬುದನ್ನು ಹೇಳುವುದಕ್ಕಾಗಿಯೇ ಇಂದು ನಿಮ್ಮ ಮುಂದೆ ಬಂದಿದ್ದೇನೆ.

ಮೊದಲು ಕಾಗದಪತ್ರಗಳ ಮಾತು. ನಾನು ವಿಚ್ಛೇದಿತೆ. ಮಗುವಿನ ಪಾಸ್‌ಪೋರ್ಟಿಗೆ ತಂದೆತಾಯಿ ಇಬ್ಬರೂ ಸಹಿ ಮಾಡುವ ಘೋಷಣೆಯನ್ನು ಅನುಬಂಧ 'ಡಿ' ಎನ್ನುತ್ತಾರೆ. ಇನ್ನೊಬ್ಬರ ಒಪ್ಪಿಗೆ ಸಿಗದಿದ್ದಾಗ ಒಬ್ಬರೇ ಕೊಡುವ ಘೋಷಣೆ ಅನುಬಂಧ 'ಸಿ'. 2016ರ ಡಿಸೆಂಬರಿನಲ್ಲಿ ವಿದೇಶಾಂಗ ಸಚಿವಾಲಯ ನಿಯಮಗಳನ್ನು ಸಡಿಲಿಸಿದ ಮೇಲೆ ಅರ್ಜಿಯಲ್ಲಿ ತಂದೆ ಅಥವಾ ತಾಯಿ ಒಬ್ಬರ ಹೆಸರಿದ್ದರೂ ಸಾಕು. ಈ ಸಂಗತಿ ನಮ್ಮ ಕಡೆಯ ಎಷ್ಟೋ ಹೆಣ್ಣುಮಕ್ಕಳಿಗೆ ಗೊತ್ತಿಲ್ಲದಿರುವುದು ನನಗೆ ನೋವಿನ ವಿಷಯ. ಹಿಂದೂ ಅಪ್ರಾಪ್ತವಯಸ್ಕರ ಪೋಷಕತ್ವದ 1956ರ ಕಾಯ್ದೆ ತಂದೆಯನ್ನೂ, 'ಅವನ ನಂತರ' ತಾಯಿಯನ್ನೂ ಸಹಜ ಪೋಷಕರೆಂದು ಹೇಳುತ್ತದೆ. ಆ 'ನಂತರ' ಎಂಬ ಮಾತಿಗೆ ತಂದೆ ತೀರಿಕೊಂಡ ಮೇಲೆ ಎಂದಷ್ಟೇ ಅರ್ಥವಲ್ಲ, ಅವನ ಗೈರುಹಾಜರಿಯಲ್ಲಿ ಎಂದೂ ಅರ್ಥವಿದೆ ಎಂದು 1999ರಲ್ಲಿ ಗೀತಾ ಹರಿಹರನ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪು ಕೊಟ್ಟಿತು. ಒಂದು ಶಬ್ದದ ಅರ್ಥ ಹಿಗ್ಗಿದ್ದರಿಂದ ಎಷ್ಟು ಜನ ತಾಯಂದಿರಿಗೆ ಉಸಿರಾಡಲು ಜಾಗವಾಯಿತು ಎಂದು, ಶಬ್ದಗಳ ಕೆಲಸವನ್ನೇ ಮಾಡುವ ನಾನು ಆಗಾಗ ಯೋಚಿಸುತ್ತೇನೆ.

ನಮ್ಮ ವಿಷಯದಲ್ಲಿ ಮಗಳ ತಂದೆ ಒಪ್ಪಿಗೆ ಕೊಟ್ಟರು. ಹುಬ್ಬಳ್ಳಿಯ ಪಾಸ್‌ಪೋರ್ಟ್ ಸೇವಾ ಕೇಂದ್ರದ ಕೆಲಸ ಮುಗಿದ ಮೇಲೂ ನಾನು ಅವರಿಂದ ಇನ್ನೊಂದು ಪತ್ರವನ್ನು ನೋಟರಿಯ ಮುಂದೆ ಬರೆಸಿಕೊಂಡೆ. ಯಾವ ಯಾವ ದೇಶಗಳು, ಎಷ್ಟು ಕಾಲ, ಮಗು ತಾಯಿಯ ಜೊತೆ ಹೋಗಲು ತನ್ನ ಸಮ್ಮತಿಯಿದೆ ಎಂಬುದು ಅದರಲ್ಲಿತ್ತು. ಆ ಪತ್ರ, ಸುಪರ್ದಿಯ ಆದೇಶದ ಪ್ರತಿ, ಜನನ ಪ್ರಮಾಣಪತ್ರ, ಈ ಮೂರೂ ನನ್ನ ಕೈಚೀಲದಿಂದ ಒಂಬತ್ತು ತಿಂಗಳು ಹೊರಗೆ ಇರಲಿಲ್ಲ. ಒಂದು ವಿಮಾನ ನಿಲ್ದಾಣದಲ್ಲಿ ಅಧಿಕಾರಿಯೊಬ್ಬರು ನನ್ನನ್ನು ಪಕ್ಕಕ್ಕೆ ನಿಲ್ಲಿಸಿ, ಬಗ್ಗಿ, ಮಗಳನ್ನೇ ಕೇಳಿದರು: ಇವರು ನಿನಗೆ ಏನಾಗಬೇಕು, ಅಪ್ಪನಿಗೆ ಗೊತ್ತಿದೆಯೇ? ನನ್ನ ಮುಖ ಬಿಸಿಯಾಯಿತು. ಆದರೆ ಆ ಪ್ರಶ್ನೆ ಮಗುವಿನ ರಕ್ಷಣೆಗಾಗಿಯೇ ಇರುವಂಥದ್ದು, ಅದನ್ನು ಕೇಳುವವರು ಇರಲೇಬೇಕು. ಮಗಳು ಹೆದರದೆ ಉತ್ತರಿಸಿದಳು, ಏಕೆಂದರೆ ಹೀಗೆ ಕೇಳುತ್ತಾರೆ ಎಂದು ಮೊದಲೇ ಅವಳಿಗೆ ಹೇಳಿದ್ದೆ.

ಗೋರಖಪುರದ ಮೂಲಕ ಸೋನೌಲಿ ಗಡಿ ದಾಟಿ ನಾವು ಮೊದಲು ನೇಪಾಳಕ್ಕೆ ಹೋದೆವು. ನಮ್ಮ ಗಡಿಯಾರಕ್ಕಿಂತ ನೇಪಾಳದ ಗಡಿಯಾರ ಹದಿನೈದು ನಿಮಿಷ ಮುಂದಿದೆ ಎಂಬುದು ಮಗಳಿಗೆ ಹಿಮಾಲಯಕ್ಕಿಂತ ದೊಡ್ಡ ಆಶ್ಚರ್ಯವಾಗಿತ್ತು. ಅಲ್ಲಿ ನಾನು ದೊಡ್ಡ ತಪ್ಪೊಂದನ್ನು ಮಾಡಿದೆ. ಬಂದದ್ದು ಬಂದಿದ್ದೇವೆ, ಎಲ್ಲವನ್ನೂ ನೋಡೋಣವೆಂದು ನಾಲ್ಕು ದಿನಕ್ಕೊಂದು ಊರು ಬದಲಿಸಿದೆ: ಲುಂಬಿನಿ, ಪೋಖರಾ, ಬಂದೀಪುರ, ಕಠ್ಮಂಡು, ಭಕ್ತಪುರ. ಪೋಖರಾದ ಫೇವಾ ಕೆರೆಯ ದಂಡೆಯಲ್ಲಿ ಅವಳದೇ ವಯಸ್ಸಿನ ಹುಡುಗಿಯೊಬ್ಬಳು ಬಂದು ಹೆಸರು ಕೇಳಿದಾಗ ನನ್ನ ಮಗಳು ಉತ್ತರಿಸದೆ ಮುಖ ತಿರುಗಿಸಿಕೊಂಡಳು. ಧಾರವಾಡದಲ್ಲಿ ಓಣಿಯ ಪ್ರತಿ ಮನೆಯ ಕಟ್ಟೆಯ ಮೇಲೂ ಕುಳಿತು ಹರಟುತ್ತಿದ್ದ ಹುಡುಗಿ ಅವಳು. ಯಾಕೆಂದು ಕೇಳಿದೆ. "ಹೆಸರು ಹೇಳಿ ಏನ ಮಾಡೂದವ್ವಾ, ನಾಳೆ ನಾವು ಹೋಗತೀವಲ್ಲ" ಎಂದಳು.

ಆ ರಾತ್ರಿ ನಾನು ನಮ್ಮ ಓಣಿಯನ್ನು ನೆನೆದೆ. ಮಗಳು ಎರಡು ವರ್ಷದವಳಿದ್ದಾಗಿನಿಂದ ನಾನು ಒಬ್ಬಳೇ ಅವಳನ್ನು ಬೆಳೆಸಿದೆ ಎಂದು ಜನ ಹೇಳುತ್ತಾರೆ, ಅದು ನಿಜವಲ್ಲ. ಎದುರು ಮನೆಯ ಆಯಿ ಅವಳಿಗೆ ತಲೆ ಬಾಚಿದ್ದಾರೆ, ಕಿರಾಣಿ ಅಂಗಡಿಯ ಕಾಕಾ ಅವಳು ಶಾಲೆಯಿಂದ ಬಂದದ್ದನ್ನು ಕಂಡಿದ್ದಾರೆ, ನನಗೆ ಜ್ವರ ಬಂದ ದಿನ ಯಾರದೋ ಮನೆಯಿಂದ ಅವಳಿಗೆ ರೊಟ್ಟಿ ಪಲ್ಯ ಬಂದಿದೆ. ನನಗಿಲ್ಲದ ಆ ಎರಡನೆಯ ದೊಡ್ಡವರ ಕೆಲಸವನ್ನು ಊರಲ್ಲಿ ಓಣಿ ಮಾಡುತ್ತಿತ್ತು. ನಾಲ್ಕು ದಿನದಲ್ಲಿ ಎಲ್ಲಿಯೂ ಓಣಿ ಹುಟ್ಟುವುದಿಲ್ಲ. ನಾನು ನಕಾಶೆಯ ಮೇಲಿನ ಅರ್ಧ ಊರುಗಳನ್ನು ಬಿಟ್ಟುಬಿಟ್ಟೆ. ಉಳಿದ ದೇಶಗಳಲ್ಲಿ ವೀಸಾ ಎಷ್ಟು ದಿನ ಬಿಡುತ್ತದೆಯೋ ಅಷ್ಟೂ ದಿನ ಒಂದೇ ಕಡೆ ಇರುವುದೆಂದು ನಿಶ್ಚಯಿಸಿದೆ. ಭಾರತೀಯರಿಗೆ ಮಲೇಷ್ಯಾ 2023ರ ಡಿಸೆಂಬರಿನಿಂದ ಮೂವತ್ತು ದಿನ ವೀಸಾ ಇಲ್ಲದೆ ಪ್ರವೇಶ ಕೊಡುತ್ತಿತ್ತು, ವಿಯೆಟ್ನಾಂ ಅದೇ ವರ್ಷದ ಆಗಸ್ಟಿನಿಂದ ತೊಂಬತ್ತು ದಿನಗಳ ಇ-ವೀಸಾ ಕೊಡುತ್ತಿತ್ತು. ಇಂಡೋನೇಷ್ಯಾದಲ್ಲಿ ಮೂವತ್ತು ದಿನಗಳ ವೀಸಾವನ್ನು ಇನ್ನೊಂದು ಮೂವತ್ತು ದಿನ ವಿಸ್ತರಿಸಬಹುದಿತ್ತು.

ಮಲೇಷ್ಯಾದ ಪೆನಾಂಗಿನಲ್ಲಿ ನಾವಿದ್ದ ಒಂದು ತಿಂಗಳು ಸುಲಭದ್ದು. ಅಲ್ಲಿನ ಜಾರ್ಜ್ ಟೌನ್ ಪಟ್ಟಣದ ಸಂತೆಯ ಹೆಸರೇ ಚೌರಸ್ತಾ ಮಾರುಕಟ್ಟೆ. ಸುತ್ತಮುತ್ತ ತಮಿಳು ಮಾತು, ಬಾಳೆಲೆಯ ಊಟ. ಸ್ವಲ್ಪ ದಿನ ಪರದೇಶವೆನ್ನಿಸಲೇ ಇಲ್ಲ.

ಮಧ್ಯ ವಿಯೆಟ್ನಾಮಿನ ಹೋಯ್ ಆನ್ ಎಂಬ ಹಳೆಯ ಬಂದರು ಪಟ್ಟಣದಲ್ಲಿ ಮಾತ್ರ ನಮಗೆ ಭಾಷೆಯ ಒಂದು ಅಕ್ಷರವೂ ಬರುತ್ತಿರಲಿಲ್ಲ. ಆದರೆ ಓಣಿ ನಿಜವಾಗಿ ಹುಟ್ಟಿದ್ದು ಅಲ್ಲಿಯೇ. ವಿಯೆಟ್ನಾಮಿನವರ ಭಾಷೆಯಲ್ಲಿ 'ನಾನು', 'ನೀನು' ಎಂಬ ಶಬ್ದಗಳ ಸ್ಥಾನದಲ್ಲಿ ಹೆಚ್ಚಾಗಿ ಸಂಬಂಧದ ಶಬ್ದಗಳನ್ನೇ ಬಳಸುತ್ತಾರೆ. ಅಜ್ಜಿಯ ವಯಸ್ಸಿನವರನ್ನು 'ಬಾ' ಎನ್ನಬೇಕು, ಮಗು ತನ್ನನ್ನು ತಾನು 'ಕೋನ್', ಅಂದರೆ ಮಗು, ಎಂದು ಕರೆದುಕೊಳ್ಳಬೇಕು. ಅಪರಿಚಿತರನ್ನೂ ಅಕ್ಕ, ಕಾಕಾ, ಅಜ್ಜ ಎನ್ನದೆ ಮಾತೇ ಆರಂಭಿಸದ ನಮ್ಮ ಕಡೆಯವರಿಗೆ ಇದು ಎಷ್ಟು ಹತ್ತಿರದ ರೀತಿ! ನಮ್ಮ ಮನೆಯೊಡತಿಯನ್ನು ಮಗಳು 'ಬಾ' ಎಂದು ಕರೆದಾಗಲೆಲ್ಲ ಆ ಮುದುಕಿ ಬರುತ್ತಿದ್ದರು. "ನಮ್ಮ ಭಾಷಾದಾಗೂ ಹಂಗ ಅಂದ್ರ ಬರ್ತಾರಲ್ಲಾ" ಎಂದು ಮಗಳು ನಗುತ್ತಿದ್ದಳು.

ಅಲ್ಲಿಂದ ಸುಮಾರು ನಲವತ್ತು ಕಿಲೋಮೀಟರ್ ದೂರದ ಮಿ ಸನ್ ಕಣಿವೆಯಲ್ಲಿ, ಆ ಸೀಮೆಯನ್ನು ಹಿಂದೆ ಆಳಿದ ಚಂಪಾ ರಾಜ್ಯದ ಅರಸರು ನಾಲ್ಕನೆಯ ಶತಮಾನದಿಂದ ಹದಿಮೂರನೆಯ ಶತಮಾನದವರೆಗೆ ಕಟ್ಟಿಸಿದ ಶಿವಾಲಯಗಳಿವೆ. ಅಲ್ಲಿನ ಶಾಸನಗಳಲ್ಲಿ ಸಂಸ್ಕೃತವಿದೆ, ನೆಲದಲ್ಲಿ ಅಮೆರಿಕದ ಬಾಂಬುಗಳು ಬಿದ್ದ ಕುಳಿಗಳಿವೆ. ಗದಗಿನ ಅಜ್ಜನ ಮನೆಗೆ ಹೋದಾಗಲೆಲ್ಲ ಲಕ್ಕುಂಡಿಯ ಗುಡಿಗಳಲ್ಲಿ ಆಡಿ ಬಂದಿದ್ದ ಮಗಳು, ಕೆಂಪು ಗೋಡೆ ಮುಟ್ಟಿ ನೋಡಿ, "ಇದು ಇಟ್ಟಂಗಿ ಗುಡಿ, ನಮ್ಮದು ಕಲ್ಲಿಂದು" ಎಂದು ಅಜ್ಜನಿಗೆ ಆ ವಾರದ ಪತ್ರದಲ್ಲಿ ಬರೆದಳು. ವಾರಕ್ಕೊಂದು ಪತ್ರವನ್ನು ಕನ್ನಡದಲ್ಲಿಯೇ ಬರೆಯಬೇಕೆಂಬುದು ನಮ್ಮಿಬ್ಬರ ಒಪ್ಪಂದವಾಗಿತ್ತು.

ಸೆಪ್ಟೆಂಬರಿನಲ್ಲಿ ನನಗೆ ಡೆಂಗಿ ಜ್ವರ ಬಂದಿತು. ಮಗುವಿಗೆ ಕಾಯಿಲೆಯಾದರೆ ಏನು ಮಾಡಬೇಕೆಂದು ನಾನು ಹತ್ತು ಸಲ ಯೋಚಿಸಿದ್ದೆ, ನನಗೇ ಬಂದರೆ ಏನೆಂಬುದನ್ನು ಅಷ್ಟು ಯೋಚಿಸಿರಲಿಲ್ಲ. ಎರಡನೆಯ ರಾತ್ರಿ ಎದ್ದು ನಿಲ್ಲಲಾಗದೆ ನೆಲದ ಮೇಲೆ ಕುಳಿತುಬಿಟ್ಟಾಗ ಮಗಳು ಬರಿಗಾಲಲ್ಲಿ ಕೆಳಗೆ ಓಡಿ 'ಬಾ' ಎಂದು ಕೂಗಿದಳು. ಅವರ ಸೊಸೆಗೆ ಸ್ವಲ್ಪ ಇಂಗ್ಲಿಷ್ ಬರುತ್ತಿತ್ತು, ಆಕೆಯೇ ನನ್ನನ್ನು ಆಸ್ಪತ್ರೆಗೆ ಸೇರಿಸಿದರು. ಮೂರು ದಿನಗಳಲ್ಲಿ ಜ್ವರ ಇಳಿಯಿತು. ಮಗಳ ಹತ್ತಿರ ಹೋಗುತ್ತೇನೆಂದು ನಾನು ಹಟ ಹಿಡಿದೆ, ವೈದ್ಯರು ಬಿಡಲಿಲ್ಲ. ಡೆಂಗಿಯ ಅಪಾಯ ಹೆಚ್ಚಾಗಿ ಬರುವುದು ಜ್ವರ ಇಳಿಯುವ ಹೊತ್ತಿನಲ್ಲಿಯೇ. ಹೊಟ್ಟೆನೋವು, ಬಿಡದ ವಾಂತಿ, ರಕ್ತಸ್ರಾವ ಕಂಡರೆ ತಡಮಾಡಬಾರದು. ಇದನ್ನು ಇಲ್ಲಿ ಕೇಳುತ್ತಿರುವವರೂ ದಯವಿಟ್ಟು ನೆನಪಿಡಬೇಕು. ಒಟ್ಟು ಐದು ರಾತ್ರಿ ನಾನು ಆಸ್ಪತ್ರೆಯಲ್ಲಿದ್ದೆ. ಆ ಐದು ರಾತ್ರಿ ನನ್ನ ಮಗಳು ಆ ಅಜ್ಜಿಯ ಮಗ್ಗುಲಲ್ಲಿ ಮಲಗಿದಳು, ಅವರು ಮಾಡಿದ ಅಕ್ಕಿಯ ಗಂಜಿ ಉಂಡಳು, ಸಂಜೆ ಅವರ ಕೈ ಹಿಡಿದು ನನ್ನನ್ನು ನೋಡಲು ಬಂದಳು. ನಾವು ಅಲ್ಲಿಗೆ ಬಂದು ನಾಲ್ಕನೆಯ ದಿನವೇ ಈ ಜ್ವರ ಬಂದಿದ್ದರೆ ಅವಳು ಯಾರನ್ನು ಕೂಗುತ್ತಿದ್ದಳು? ಈ ಪ್ರಶ್ನೆ ನನ್ನನ್ನು ಇಂದಿಗೂ ಬಿಟ್ಟಿಲ್ಲ. ಅಂದಿನಿಂದ ಅವಳ ಕೊರಳ ಚೀಲದಲ್ಲಿ ಒಂದು ಚೀಟಿ ಇಟ್ಟೆ. ನಮ್ಮ ವಸತಿಯ ವಿಳಾಸ, ಅವಳ ತಂದೆಯ ಮತ್ತು ನನ್ನ ಅಣ್ಣನ ಫೋನ್ ಸಂಖ್ಯೆ, ವಿಮೆಯ ಸಂಖ್ಯೆ, ಭಾರತದ ರಾಯಭಾರ ಕಚೇರಿಯ ಸಂಖ್ಯೆ, ಇಷ್ಟನ್ನು ಆಯಾ ದೇಶದ ಭಾಷೆಯಲ್ಲಿಯೂ ಬರೆಸಿದ್ದೆ. ಅದನ್ನು ಹೊರಡುವ ದಿನವೇ ಮಾಡಬೇಕಿತ್ತು.

ಇನ್ನೊಂದು ಸಂಗತಿಯನ್ನು ಹೇಳಲು ನನಗೆ ಸಂಕೋಚವಾಗುತ್ತದೆ, ಆದರೂ ಹೇಳಬೇಕು. ತಿಂಗಳುಗಟ್ಟಲೆ ಜೊತೆಗಿರುವುದು ಒಂದು ಮಗು ಮಾತ್ರವಾದಾಗ ದೊಡ್ಡವರು ತಮ್ಮ ಚಿಂತೆಗಳನ್ನೂ ಅದರ ಮುಂದೆಯೇ ಇಳಿಸತೊಡಗುತ್ತಾರೆ. ಬಾಡಿಗೆ ಹೆಚ್ಚಾಯಿತು, ಕೆಲಸದ ಹಣ ಬಂದಿಲ್ಲ, ವೀಸಾದ ದಿನ ಮುಗಿಯುತ್ತಿದೆ ಎಂದು ನಾನು ಊಟದ ಹೊತ್ತಿಗೆ ಹೇಳುತ್ತಿದ್ದೆ. ಒಂದು ದಿನ ಅಂಗಡಿಯಲ್ಲಿ ಬಣ್ಣದ ಪೆನ್ಸಿಲುಗಳ ಪೆಟ್ಟಿಗೆಯನ್ನು ಎತ್ತಿಕೊಂಡ ಮಗಳು ಅದರ ಬೆಲೆಯ ಚೀಟಿ ನೋಡಿ, ನನ್ನನ್ನು ಕೇಳದೆಯೇ ಮರಳಿ ಇಟ್ಟಳು. ಒಂಬತ್ತು ವರ್ಷ ತುಂಬದ ಹುಡುಗಿಯ ಹೆಗಲ ಮೇಲೆ ನನ್ನ ಲೆಕ್ಕದ ವಹಿಯನ್ನು ಹೇರಿಬಿಟ್ಟಿದ್ದೆ. ಆಮೇಲೆ ನನ್ನ ಚಿಂತೆಗಳಿಗೆ ಬೇರೆ ಕಿವಿ ಹುಡುಕಿಕೊಂಡೆ. ಮಗಳು ಮಲಗಿದ ಮೇಲೆ ಹುಬ್ಬಳ್ಳಿಯ ಗೆಳತಿಗೆ ಫೋನ್ ಮಾಡುವುದು ದಿನದ ಕ್ರಮವಾಯಿತು.

ಇಂಡೋನೇಷ್ಯಾದ ಯೋಗ್ಯಕರ್ತದಲ್ಲಿದ್ದಾಗ ಹತ್ತಿರದ ಬೊರೊಬುದೂರಿನ ಬೌದ್ಧ ಸ್ತೂಪ, ಪ್ರಂಬಾನನ್‌ನ ಹಿಂದೂ ಗುಡಿಗಳು ಎರಡನ್ನೂ ನೋಡಿದೆವು. ಆದರೆ ಮಗಳ ಕಣ್ಣು ದಣಿದಿತ್ತು. ನಾನು ಒಂದು ವರ್ಷದ ಯೋಜನೆ ಹಾಕಿದ್ದೆ. ಅಜ್ಜನ ಮನೆಗೆ ಹೋಗೋಣ ಎಂದು ಅವಳು ಮೂರು ಸಲ ಕೇಳಿದಳು, ಮೂರನೆಯ ಸಲ ನಾನು ಟಿಕೆಟ್ ತೆಗೆಸಿದೆ. ಪ್ರವಾಸ ಅರ್ಧ ಅವಳದೂ ಆಗಿತ್ತು.

ಶಾಲೆಯ ವಿಷಯದಲ್ಲಿ ತಾಯಂದಿರ ಭಯ ದೊಡ್ಡದು. ವರ್ಷ ಹೋಯಿತು, ಮತ್ತೆ ಮೂರನೆಯ ಇಯತ್ತೆಗೇ ಸೇರಿಸಿ ಎಂದು ಒಂದು ಶಾಲೆಯಲ್ಲಿ ನನಗೂ ಹೇಳಿದರು. ಆದರೆ 2009ರ ಶಿಕ್ಷಣ ಹಕ್ಕು ಕಾಯ್ದೆಯ ನಾಲ್ಕನೆಯ ಕಲಮು ಆರು ವರ್ಷ ದಾಟಿದ ಮಗುವನ್ನು ಅದರ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕೆನ್ನುತ್ತದೆ, ಹದಿನೈದನೆಯ ಕಲಮು ವರ್ಷದ ನಡುವೆ ಬಂದರೂ ಪ್ರವೇಶ ನಿರಾಕರಿಸಬಾರದೆನ್ನುತ್ತದೆ. ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಎಲ್ಲ ಪುಸ್ತಕಗಳೂ ಉಚಿತವಾಗಿ ಸಿಗುವುದರಿಂದ ನಾವು ಬೆಳಿಗ್ಗೆ ಎರಡು ತಾಸು ನಾಲ್ಕನೆಯ ಇಯತ್ತೆಯ ಗಣಿತವನ್ನೂ ಕನ್ನಡವನ್ನೂ ಬಿಡದೆ ಓದಿದ್ದೆವು. ಜನವರಿಯಲ್ಲಿ ಅವಳು ಸರ್ಕಾರಿ ಶಾಲೆಯ ನಾಲ್ಕನೆಯ ಇಯತ್ತೆಗೆ, ತನ್ನ ವಯಸ್ಸಿನವರ ಜೊತೆಗೇ, ಸೇರಿದಳು.

ಈಗ ಪ್ರತಿ ಭಾನುವಾರ ಸಂಜೆ ಆರೂವರೆಗೆ ಹೋಯ್ ಆನ್‌ಗೆ ಫೋನ್ ಹೋಗುತ್ತದೆ. ಅಲ್ಲಿ ಆಗ ಎಂಟು ಗಂಟೆ, ಆ ಲೆಕ್ಕವನ್ನು ಮಗಳೇ ಇಟ್ಟುಕೊಂಡಿದ್ದಾಳೆ. ಇಬ್ಬರಿಗೂ ತಿಳಿಯುವ ಶಬ್ದಗಳು ಹತ್ತು ಇರಬಹುದು. ಅಜ್ಜಿ ತಮ್ಮ ಅಂಗಳದ ನಿಂಬೆಗಿಡವನ್ನು ತೋರಿಸುತ್ತಾರೆ, ಮಗಳು ನಮ್ಮ ಕಟ್ಟೆಯ ಮೇಲೆ ಕುಳಿತವರನ್ನೆಲ್ಲ ಒಬ್ಬೊಬ್ಬರನ್ನಾಗಿ ತೋರಿಸುತ್ತಾಳೆ. ಎದುರು ಮನೆಯ ಆಯಿಗೂ 'ಬಾ' ಎಂದರೆ ಯಾರೆಂದು ಈಗ ಗೊತ್ತು. ಫೋನಿನ ಹತ್ತಿರ ಬಗ್ಗಿ, ಕೈ ಮುಗಿದು, "ಊಟ ಆತೇನ್ರೀ?" ಎಂದು ಕೇಳುತ್ತಾರೆ.

ನಮಸ್ಕಾರ.