ಹಳೇ ಫೈಬರ್ ದೋಣಿ: ಮತ್ತೆ ಬಲೆಗಾ, ಟೂರಿಸ್ಟರಿಗಾ?

ಈಗ ನೀವು ನೋಡುತ್ತಿರುವ ದೋಣಿ ನಮ್ಮ ಮಾವನದ್ದು. ಜಾಗ ಉಡುಪಿಯ ಕೋಡಿ ಬೆಂಗ್ರೆ. ಒಂದು ಕಡೆ ಹೊಳೆ, ಇನ್ನೊಂದು ಕಡೆ ಕಡಲು, ನಡುವೆ ತೆಂಗಿನ ತೋಟ ಮತ್ತು ನಾವು. 22 ಅಡಿ ಉದ್ದದ ಫೈಬರ್ ದೋಣಿ, ವಯಸ್ಸು 20 ದಾಟಿದೆ. ಕೆಲವು ವರ್ಷಗಳಿಂದ ಕೆಲಸ ಇಲ್ಲದೆ ತೆಂಗಿನ ಮರದ ಬುಡದಲ್ಲಿ ಮಳೆ ನೀರು ಕುಡಿಯುತ್ತಾ ಬಿದ್ದಿತ್ತು.

ಇದರ ವಿಷಯದಲ್ಲಿ ಮನೆಯಲ್ಲಿ ಎರಡು ಪಕ್ಷ. ಮಾವನಿಗೆ ಇದು ಮತ್ತೆ ಬಲೆಗೆ ಹೋಗಬೇಕು. ಅವರ ಮಗ, ಅಂದರೆ ನನ್ನ ಭಾವ, ಹೇಳುವುದು ಬೇರೆ. ಸೀಟು ಹಾಕಿಸಿ, ಮೇಲೊಂದು ಮಾಡು ಕಟ್ಟಿ, ಹೊಳೆಯಲ್ಲಿ ಟೂರಿಸ್ಟರನ್ನು ಸುತ್ತಿಸೋಣ ಅಂತ. ಶನಿವಾರ ಭಾನುವಾರ ಇಲ್ಲಿ ಕಾರು ನಿಲ್ಲಿಸಲು ಜಾಗ ಸಿಗುವುದಿಲ್ಲ, ಹಾಗಾಗಿ ಭಾವನ ಲೆಕ್ಕವೂ ಸುಳ್ಳಲ್ಲ. ಬೂತಾಯಿ ಮೀನು ಕೈಕೊಟ್ಟ ವರ್ಷಗಳನ್ನು ಅವರೂ ನೋಡಿದ್ದಾರೆ. ಆದರೂ ನಾನು ಮಾವನ ಪಕ್ಷ. ಕಾರಣ ತೂಕ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ದೋಣಿಯ ಆರೋಗ್ಯ ನೋಡಬೇಕು. ಮೇಲೆ ಬಣ್ಣ ಬಳಿದರೆ ಯಾವ ದೋಣಿಯೂ ಚಂದ ಕಾಣುತ್ತದೆ. ಬೆಳ್ಳಗಿರುವುದೆಲ್ಲ ಹಾಲಲ್ಲ, ಅಲ್ವಾ? ಮಾವ ಕೈಯಲ್ಲಿ ಹಿಡಿದಿರುವುದು ಸ್ಕ್ರೂಡ್ರೈವರ್. ಅದರ ಹಿಡಿಕೆಯಿಂದ ಗೇಣಿಗೊಂದು ಸಲ ತಟ್ಟುತ್ತಾ ಹೋಗುತ್ತಾರೆ. ತೆಂಗಿನಕಾಯಿ ತಟ್ಟಿ ನೋಡಿದ ಹಾಗೆಯೇ. ಫೈಬರಿನ ಪದರಗಳು ಒಂದಕ್ಕೊಂದು ಗಟ್ಟಿ ಹಿಡಿದಿದ್ದರೆ 'ಟಕ್' ಅನ್ನುತ್ತದೆ. ಒಳಗೆ ಪದರ ಬಿಟ್ಟಿದ್ದರೆ 'ಡಬ್'. ಇಯರ್‌ಫೋನ್ ಇದ್ದರೆ ಹಾಕಿಕೊಳ್ಳಿ, ಇಲ್ಲಿ ಸೌಂಡ್ ಬದಲಾಗುವುದು ನಿಮಗೇ ಗೊತ್ತಾಗುತ್ತದೆ. ಮಾವ ಅಲ್ಲಿ ಚಾಕ್‌ಪೀಸಿನಿಂದ ಗುರುತು ಹಾಕಿದರು. ಅಡಿಯ ಭಾಗ ಬಹುತೇಕ ಗಟ್ಟಿ. ತಳದ ನಡುವೆ ಉದ್ದಕ್ಕೂ ಇರುವ ಏಣು, ಅಂದರೆ ಕೀಲ್, ಮಾತ್ರ ಸವೆದು ಹೋಗಿದೆ. ದಿನಾ ಮರಳಿನ ಮೇಲೆ ಎಳೆದು ತರುವ ದೋಣಿಗೆ ಇದು ತಪ್ಪಿದ್ದಲ್ಲ. ಸದಾ ನೀರಿನಲ್ಲೇ ನಿಲ್ಲುವ ದೋಣಿಗಳ ರೋಗ ಬೇರೆ. ಹೊರಗಿನ ನುಣುಪು ಪದರ, ಅಂದರೆ ಜೆಲ್ ಕೋಟ್, ದಾಟಿ ನೀರು ಒಳಗೆ ಇಳಿಯುತ್ತದೆ, ಸಣ್ಣ ಸಣ್ಣ ಗುಳ್ಳೆ ಏಳುತ್ತವೆ. ಒಡೆದರೆ ವಿನೆಗರ್ ವಾಸನೆಯ ನೀರು ಬರುತ್ತದೆ. ನಮ್ಮ ದೋಣಿ ದಡದಲ್ಲೇ ಜಾಸ್ತಿ ಇದ್ದದ್ದರಿಂದ ಆ ಕಾಟ ಇಲ್ಲ.

ನಿಜವಾದ ಸಮಸ್ಯೆ ಹಿಂದೆ ಉಂಟು. ಔಟ್‌ಬೋರ್ಡ್, ಅಂದರೆ ದೋಣಿಯ ಹೊರಗೆ ತೂಗುಹಾಕುವ ಎಂಜಿನ್, ಕೂರುವ ಹಿಂಬದಿಯ ಹಲಗೆ. ಹೊರಗಿನಿಂದ ನೋಡಿದರೆ ಪೂರ್ತಿ ಫೈಬರ್. ಆದರೆ ಎರಡು ಫೈಬರ್ ಪದರಗಳ ನಡುವೆ ಪ್ಲೈವುಡ್ ಇರುತ್ತದೆ. ಫೈಬರ್ ದೋಣಿ ಕೊಳೆಯುವುದಿಲ್ಲ ಅಂತ ಸುಮ್ನೆ ಹೇಳುತ್ತಾರೆ, ಕೊಳೆಯುವುದು ಅದರೊಳಗಿನ ಮರ. ಎಂಜಿನ್ ಬೋಲ್ಟಿಗೆ ಕೊರೆದ ತೂತಿನಲ್ಲಿ ಸ್ವಲ್ಪ ಸ್ವಲ್ಪವೇ ನೀರು ಇಳಿದಿರುತ್ತದೆ. ಒಂದು ವಿಷಯ ಗೊತ್ತಾ? ಉಪ್ಪು ನೀರಿಗಿಂತ ಮಳೆ ನೀರೇ ಮರವನ್ನು ಬೇಗ ಕೊಳೆಸುವುದು. ಓಡಾಡುವ ದೋಣಿಗಿಂತ ಮೂಲೆಯಲ್ಲಿ ಬಿದ್ದ ದೋಣಿ ಬೇಗ ಹಾಳಾಗುವುದಕ್ಕೆ ಇದೂ ಒಂದು ಕಾರಣ.

ಫೈಬರ್ ಕೆಲಸದ ಅಣ್ಣ ಒಳಗಿನ ಕಡೆಯಿಂದ, ಕೆಳಗೆ, ಡ್ರಿಲ್ ಇಟ್ಟರು. ಒಳ್ಳೆಯ ಪ್ಲೈವುಡ್ ಆಗಿದ್ದರೆ ಬಿಳಿಚಿದ ಒಣ ಹುಡಿ ಬರಬೇಕು. ಬಂದದ್ದು ಇದು ನೋಡಿ. ಕಪ್ಪು, ಒದ್ದೆ, ಬೆರಳಲ್ಲಿ ಹಿಸುಕಿದರೆ ನೀರು. ಭಾವ ಆಗ ಏನೂ ಮಾತಾಡಲಿಲ್ಲ. ಮಾವ ಮಾತ್ರ, "ಇದಕ್ಕೆ ಸೀಟು ಹಾಕಿ ಎಂತ ಮಾಡುದು ಮಾರಾಯ, ಮೊದಲು ಎಂಜಿನ್ ನಿಲ್ಲಬೇಕಲ್ಲ" ಅಂದರು.

ಅದು ನಿಜ. ದೋಣಿ ಬಲೆಗೆ ಹೋಗಲಿ, ಟೂರಿಸ್ಟರಿಗೆ ಹೋಗಲಿ, ಈ ಕೆಲಸ ಮಾಡಲೇಬೇಕು. ಹಾಗಾಗಿ ಅದರಿಂದಲೇ ಶುರು ಮಾಡಿದೆವು.

ಹೊರಗಿನ ಫೈಬರ್ ಪದರವನ್ನು ಮುಟ್ಟಲಿಲ್ಲ. ಅದು ಉಳಿದರೆ ದೋಣಿಯ ಆಕಾರ ಉಳಿಯುತ್ತದೆ. ಒಳಗಿನ ಪದರ ಕತ್ತರಿಸಿ, ಕೊಳೆತ ಪ್ಲೈವುಡ್ ಉಳಿಯಿಂದ ಕೆರೆದು ತೆಗೆದು, ಚೆನ್ನಾಗಿ ಒಣಗಲು ಬಿಟ್ಟೆವು. ಹೊಸ ಹಲಗೆಗೆ ಐಎಸ್ 710 ಮುದ್ರೆಯ ಮರೈನ್ ಪ್ಲೈ. ಅಂಗಡಿಯವರು 'ವಾಟರ್‌ಪ್ರೂಫ್' ಅಂತ ಏನೇನೋ ತೋರಿಸುತ್ತಾರೆ. ಮುದ್ರೆ ನೋಡಿಯೇ ತೆಗೆದುಕೊಳ್ಳಿ. ಅಂಚನ್ನೂ ತೂತುಗಳ ಒಳಬದಿಯನ್ನೂ ರೆಸಿನ್ (ಗಟ್ಟಿಯಾಗುವ ಅಂಟು ದ್ರವ) ಕುಡಿಸಿ ಮುಚ್ಚಬೇಕು. ಇಲ್ಲದಿದ್ದರೆ ಮತ್ತೆ ಅದೇ ಕತೆ.

ಇನ್ನು ಈ ಗ್ರೈಂಡರ್ ಶಾಟ್. ಹಳೇ ಫೈಬರಿನ ಮೇಲೆ ಹೊಸ ಮ್ಯಾಟ್, ಅಂದರೆ ಗಾಜಿನ ನಾರಿನ ಹಾಸು, ಹಾಗೇ ಅಂಟಿಸಿದರೆ ನಿಲ್ಲುವುದಿಲ್ಲ. ಹಳೆಯದು ಎಂದೋ ಗಟ್ಟಿಯಾಗಿ ಮುಗಿದಿದೆ, ಹೊಸ ರೆಸಿನ್ ಅದರೊಳಗೆ ಬೆರೆಯುವುದಿಲ್ಲ, ಮೇಲೆ ಹಿಡಿದುಕೊಳ್ಳುತ್ತದೆ ಅಷ್ಟೇ. ಹಾಗಾಗಿ ಹಿಡಿಯಲು ಒರಟು ಜಾಗ ಬೇಕು, ಅಗಲ ಜಾಗ ಬೇಕು. ದಪ್ಪದ 12 ಪಟ್ಟು ಉದ್ದಕ್ಕೆ ಇಳಿಜಾರಾಗಿ ಉಜ್ಜಬೇಕು ಅನ್ನುವುದು ಲೆಕ್ಕ. 5 ಮಿಲಿಮೀಟರ್ ದಪ್ಪ ಇದ್ದರೆ 60 ಮಿಲಿಮೀಟರ್ ಇಳಿಜಾರು. ಸಣ್ಣ ತೇಪೆಗೆ ಇಷ್ಟು ದೊಡ್ಡ ಗಾಯ ಯಾಕೆ ಅಂತ ನಾನೂ ಕೇಳಿದೆ. ಉಜ್ಜದೆ ಹಾಕಿದ ಇನ್ನೊಂದು ದೋಣಿಯ ತೇಪೆಯನ್ನು ಅಣ್ಣ ಉಗುರು ಹಾಕಿ ಎಬ್ಬಿಸಿ ತೋರಿಸಿದರು. ಆ ಹುಡಿಗೆ ಮಾಸ್ಕ್, ಕನ್ನಡಕ, ತೋಳುದ್ದದ ಅಂಗಿ ಬೇಕೇ ಬೇಕು. ಮೈಗೆ ತಾಗಿದರೆ ರಾತ್ರಿಯಿಡೀ ತುರಿಕೆ.

ರೆಸಿನ್ ಕಲಸುವುದನ್ನು ಹತ್ತಿರದಿಂದ ತೋರಿಸುತ್ತೇನೆ. ಮೊದಲು ಕೊಬಾಲ್ಟ್, ಅಂದರೆ ಗಟ್ಟಿಯಾಗುವುದನ್ನು ಚುರುಕು ಮಾಡುವ ದ್ರಾವಣ, ಹಾಕಿ ಪೂರ್ತಿ ಕಲಸುತ್ತಾರೆ. ಆಮೇಲೆ ರೆಸಿನ್ ಗಟ್ಟಿ ಮಾಡುವ ಹಾರ್ಡ್ನರ್, ರೆಸಿನ್ ತೂಕದ ನೂರಕ್ಕೆ 1ರಿಂದ 2 ಭಾಗ. ಕೊಬಾಲ್ಟ್ ಮತ್ತು ಹಾರ್ಡ್ನರ್ ಎರಡನ್ನೂ ನೇರವಾಗಿ ಯಾವತ್ತೂ ಬೆರೆಸಬೇಡಿ. ಬೆಂಕಿ ಹೊತ್ತಿಕೊಳ್ಳಬಹುದು, ಸಿಡಿಯಲೂಬಹುದು. ಬಾಟಲಿಗಳನ್ನೂ ದೂರ ದೂರ ಇಡಿ. ಮೇ ತಿಂಗಳ ಮಧ್ಯಾಹ್ನ ಇಲ್ಲಿ ಕಲಸಿದ್ದು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಗಟ್ಟಿಯಾಗುತ್ತದೆ. ಮಗ್ಗಿನ ತಳದಲ್ಲಿ ಉಳಿದದ್ದು ಬಿಸಿಯಾಗಿ ಹೊಗೆ ಬಂತು, ಕ್ಯಾಮೆರಾದಲ್ಲೂ ಕಾಣುತ್ತಿದೆ. ಹಾಗಂತ ಮುಂದೂಡುವಂತೆಯೂ ಇಲ್ಲ, ಮಳೆ ಬಂದರೆ ತೇವಕ್ಕೆ ಫೈಬರ್ ಕೆಲಸ ಸರಿಯಾಗುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ದೊಡ್ಡ ಬೋಟುಗಳಿಗೆ ನಿಷೇಧ, 10 ಎಚ್‌ಪಿ ಒಳಗಿನ ನಾಡದೋಣಿಗಳಿಗೆ ಆಗಲೇ ಸೀಸನ್. ಮಾವನ ಅವಸರಕ್ಕೆ ಅದೇ ಕಾರಣ.

ಒಂದು ಪದರ ಮ್ಯಾಟ್, ಬ್ರಷ್ಷಿನಲ್ಲಿ ರೆಸಿನ್, ಮೇಲಿಂದ ಹಲ್ಲಿರುವ ರೋಲರ್. ಬಿಳಿ ಮ್ಯಾಟ್ ರೆಸಿನ್ ಕುಡಿದು ಗಾಜಿನಂತೆ ತಿಳಿಯಾಗುತ್ತಾ ಬರುತ್ತದೆ. ಬಿಳಿ ಚುಕ್ಕಿ ಉಳಿದರೆ ಅಲ್ಲಿ ಗಾಳಿ ಉಂಟು ಅಂತ ಅರ್ಥ. ರೋಲರ್ ಅದನ್ನು ಅಂಚಿಗೆ ತಳ್ಳಬೇಕು. ಈ ಭಾಗವನ್ನು ಎಡಿಟ್ ಮಾಡುವಾಗ ಕತ್ತರಿಸಲು ಮನಸ್ಸೇ ಬರಲಿಲ್ಲ.

ಈಗ ತೂಕದ ವಿಷಯ. ನಮ್ಮ ದೋಣಿಯಲ್ಲಿ ಬಲೆ ಎಲ್ಲಿರುತ್ತದೆ? ತಳದಲ್ಲಿ. ಬಂಗುಡೆ, ಬೂತಾಯಿ ತುಂಬಿದರೆ? ಅದೂ ತಳದಲ್ಲಿ. ಭಾರ ಕೆಳಗಿದ್ದಷ್ಟೂ ದೋಣಿ ಗಟ್ಟಿಯಾಗಿ ಕೂರುತ್ತದೆ. ಇದನ್ನು ಮಾಡಿದವರು ಆ ಲೆಕ್ಕದಲ್ಲೇ ಮಾಡಿದ್ದಾರೆ. ಈಗ ಅದರಲ್ಲಿ ಹತ್ತು ಜನರನ್ನು ಕೂರಿಸಿ. ತಲೆಗೆ 75 ಕಿಲೋ ಹಿಡಿದರೂ 750 ಕಿಲೋ ಆಯಿತು. ಅಷ್ಟೇ ತೂಕದ ಮೀನನ್ನು ಈ ದೋಣಿ ಸಲೀಸಾಗಿ ಹೊತ್ತಿದೆ ಅಂತ ಭಾವ ವಾದ ಮಾಡಿದರು. ಆದರೆ ಮೀನು ಸೀಟಿನ ಮೇಲೆ ಕೂರುವುದಿಲ್ಲ. ಮೀನು ಎದ್ದು ನಿಲ್ಲುವುದಿಲ್ಲ. ಹಕ್ಕಿ ಕಂಡಿತು ಅಂತ ಎಲ್ಲವೂ ಒಟ್ಟಿಗೆ ಫೋನ್ ಹಿಡಿದು ಒಂದೇ ಬದಿಗೆ ಬರುವುದಿಲ್ಲ. ಅದರ ಮೇಲೆ ಪೈಪು, ಶೀಟು ಹಾಕಿದ ಮಾಡು. ಅದೂ ಎತ್ತರದ ತೂಕ, ಜೊತೆಗೆ ಅಡ್ಡಗಾಳಿಯನ್ನು ಹಿಡಿದುಕೊಳ್ಳುತ್ತದೆ. ಹೊಳೆ ಶಾಂತವಾಗಿರುವಾಗ ಏನೂ ಗೊತ್ತಾಗದು. ಹೊಳೆ ಕಡಲು ಸೇರುವ ಅಳಿವೆಯ ಹತ್ತಿರ ಇಳಿತದ ನೀರು ಮತ್ತು ಕಡಲಿನ ಅಲೆ ಎದುರಾಗುವ ಜಾಗದಲ್ಲಿ ಗೊತ್ತಾಗುತ್ತದೆ.

ಅಮೆರಿಕದಲ್ಲೂ ಇದೇ ಜಗಳ ನಡೆಯುತ್ತದೆ. 1958ರಲ್ಲಿ ಬಂದ ಬೋಸ್ಟನ್ ವೇಲರ್ ಅನ್ನುವ ಸಣ್ಣ ಫೈಬರ್ ದೋಣಿಯ ಒಳಗೆ ಫೋಮ್ ತುಂಬಿರುತ್ತದೆ. ಅದನ್ನು ಗರಗಸದಿಂದ ಎರಡು ತುಂಡು ಮಾಡಿ, ತುಂಡೂ ತೇಲುತ್ತದೆ ಅಂತ ತೋರಿಸಿದ ಫೋಟೋಗಳು 1961ರಲ್ಲಿ ಲೈಫ್ ಪತ್ರಿಕೆಯಲ್ಲಿ ಬಂದವು. ಅಂಥ ಹಳೇ ದೋಣಿಗಳನ್ನು ಮೂಲ ಬಣ್ಣ, ಮೂಲ ಮರದ ಸೀಟಿನ ಸಮೇತ ಉಳಿಸುವವರಿದ್ದಾರೆ. ಬರ್ಟ್ರಮ್ 31 ಅನ್ನುವ ಇನ್ನೊಂದು ಹಳೇ ಮೀನು ಹಿಡಿಯುವ ಬೋಟಿನಲ್ಲಿ ಎಂಜಿನ್ ಒಳಗೆ, ನಡುಭಾಗದ ಕಡೆ ಇತ್ತು. ಅದನ್ನು ತೆಗೆದು ಹಿಂದೆ ಔಟ್‌ಬೋರ್ಡ್ ತೂಗುಹಾಕುವವರೂ ಇದ್ದಾರೆ. ಜಾಗ ಉಳಿಯುತ್ತದೆ, ರಿಪೇರಿ ಸುಲಭ. ಆದರೆ ತೂಕ ನಡುವಿನಿಂದ ಹಿಂದಕ್ಕೆ ಹೋಗುತ್ತದೆ, ಆಮೇಲೆ ದೋಣಿ ಕೂರುವ ರೀತಿಯನ್ನೇ ಮತ್ತೆ ಸರಿ ಮಾಡಬೇಕಾಗುತ್ತದೆ. ಅವರ ಬಳಿ ದುಡ್ಡಿದೆ, ಮಾಡುತ್ತಾರೆ ಬಿಡಿ.

ಕಾಗದದ ಕೆಲಸವೂ ಉಂಟು. ಮೀನುಗಾರಿಕೆಗೆ ನೋಂದಣಿ ಆದ ದೋಣಿಯಲ್ಲಿ ಟಿಕೆಟ್ ಹರಿದು ಜನರನ್ನು ಕೂರಿಸುವಂತಿಲ್ಲ. ಪ್ರಯಾಣಿಕರಿಗೆ ಬೇರೆ ಪರವಾನಗಿ, ಬೇರೆ ತಪಾಸಣೆ. ಒಳನಾಡಿನ ನೀರಿಗೆ 2021ರ ಕಾಯ್ದೆ ಇದೆ. ಎಲ್ಲರಿಗೂ ಲೈಫ್ ಜಾಕೆಟ್ ಬೇಕು. ಮೀನಿನ ದೋಣಿಗೆ ಸಿಗುವ ರಿಯಾಯಿತಿ ಸೀಮೆಎಣ್ಣೆಯನ್ನು ಟೂರಿಸ್ಟ್ ಟ್ರಿಪ್ಪಿಗೆ ಸುಡುವಂತಿಲ್ಲ.

ಮಾರ್ಪಾಡು ಮಾಡಲೇಬಾರದು ಅಂತ ನಾನು ಹೇಳುವುದಿಲ್ಲ. ತಳ ಅಗಲ ಇದ್ದು, ಸೀಟು ತಗ್ಗಿನಲ್ಲಿಟ್ಟು, ಜನ ಕಡಿಮೆ ಹಾಕಿ, ಗೊತ್ತಿರುವವರಿಂದ ವಾಲಿಸಿ ಪರೀಕ್ಷೆ ಮಾಡಿಸಿದರೆ ಹೊಳೆಗೆ ಧಾರಾಳ ಆಗುತ್ತದೆ. ನಮ್ಮದು ಕಡಲ ಅಲೆ ಸೀಳಲು ಮಾಡಿದ ಸಪೂರ ದೋಣಿ. ಮೂಲೆಗೆ ಎಸೆದು ಬಿಡೋಣ ಅಂದರೆ ಅದೂ ಆಗದು. ಹಳೇ ಮರದ ದೋಣಿಯಾದರೆ ಒಲೆಗಾದರೂ ಬರುತ್ತಿತ್ತು. ಇದು ಕರಗುವುದೂ ಇಲ್ಲ, ಸುಟ್ಟರೆ ವಿಷದ ಹೊಗೆ.

ಭಾವ ಪೂರ್ತಿ ಒಪ್ಪಿಲ್ಲ. ತಂದಿಟ್ಟ ಸೀಟಿನ ಹಲಗೆಗಳು ಜಗಲಿಯಲ್ಲೇ ಇವೆ. ಬೇರೆ ಅಗಲದ ದೋಣಿ ಹುಡುಕುತ್ತೇನೆ ಅನ್ನುತ್ತಿದ್ದಾರೆ, ಹುಡುಕಲಿ. ಈ ದೋಣಿಗೆ ಸದ್ಯ ಕೀಲಿನ ಕೆಳಗೆ ಸವೆಯಲೆಂದೇ ಇನ್ನೊಂದು ಪಟ್ಟಿ ಹಾಕಿಸುತ್ತಿದ್ದೇವೆ. ಮುಂದಿನ ವಿಡಿಯೋದಲ್ಲಿ ಎಂಜಿನ್ ಕೂರಿಸುತ್ತೇವೆ. ನಿಮ್ಮಲ್ಲೂ ಹಿಂಬದಿ ಹಲಗೆ ಬದಲಿಸುವವರಿದ್ದರೆ ಕತ್ತರಿಸುವ ಮೊದಲು ಅದರ ಎತ್ತರ ಅಳೆದು ಬರೆದಿಟ್ಟುಕೊಳ್ಳಿ. ಸಣ್ಣ ಶಾಫ್ಟಿನ (ಎಂಜಿನ್ನಿನಿಂದ ನೀರಿಗೆ ಇಳಿಯುವ ಕಾಲು) ಎಂಜಿನ್ನಿಗೆ ಸುಮಾರು 15 ಇಂಚು, ಉದ್ದ ಶಾಫ್ಟಿಗೆ 20 ಇಂಚು ಬೇಕು. ಎತ್ತರ ಜಾಸ್ತಿಯಾದರೆ ಎಂಜಿನ್ನಿನ ಫ್ಯಾನ್ (ಪ್ರೊಪೆಲ್ಲರ್) ನೀರಿನ ಬದಲು ಗಾಳಿ ಕಡೆಯುತ್ತದೆ.