ದೆವ್ವಕ್ಕೂ ಒಂದು ಕಟ್ಟುಪಾಡು ಬೇಕು

ನಮಸ್ಕಾರ. ಹೋದ ಮೂರು ವಾರ ನಾನು ರಾತ್ರಿ ಸರಿಯಾಗಿ ಮಲಗಿಲ್ಲ. ಭಯದಿಂದ ಅಲ್ಲ, ಸಿನಿಮಾ ಮುಗಿಯುವ ಹೊತ್ತಿಗೆ ಒಂದೂವರೆ ಆಗಿರುತ್ತಿತ್ತು. ಹಾರರ್, ಸೈ-ಫೈ, ಫ್ಯಾಂಟಸಿ ಆಕ್ಷನ್, ಕೈಗೆ ಸಿಕ್ಕಿದ್ದನ್ನೆಲ್ಲ ನೋಡಿದೆ. ಕೆಲವು ಹಳೆಯವನ್ನು ಮತ್ತೆ ನೋಡಿದೆ. ಐದಾರನ್ನು ಅರ್ಧಕ್ಕೇ ನಿಲ್ಲಿಸಿದೆ.

ನಿಲ್ಲಿಸಿದ್ದು ಗ್ರಾಫಿಕ್ಸ್ ಕೆಟ್ಟದಾಗಿತ್ತು ಅಂತಲ್ಲ. ದೆವ್ವ ಒಂದು ದೃಶ್ಯದಲ್ಲಿ ಗೋಡೆ ತೂರಿಕೊಂಡು ಬರುತ್ತದೆ, ಮುಂದಿನ ದೃಶ್ಯದಲ್ಲಿ ಬಾಗಿಲು ಬಡಿಯುತ್ತಾ ನಿಂತಿರುತ್ತದೆ. ಹೀರೋ ಮೊದಲರ್ಧದಲ್ಲಿ ನಾಲ್ಕು ಜನರ ಹತ್ತಿರ ಒದೆ ತಿನ್ನುತ್ತಾನೆ, ಕ್ಲೈಮ್ಯಾಕ್ಸ್ ಬಂದಾಗ ಕಣ್ಣು ಕೆಂಪಗಾಗಿ ಬೆಟ್ಟ ಎತ್ತುತ್ತಾನೆ. ಏನು ಬೇಕಾದರೂ ಆಗಬಹುದು ಅಂತ ಗೊತ್ತಾದ ಮೇಲೆ ನಾನು ಯಾಕೆ ಹೆದರಬೇಕು? ದೆವ್ವಕ್ಕೂ ಒಂದು ಕಟ್ಟುಪಾಡು ಇರಬೇಕು. ಇದು ಅದರ ಕೈಲಿ ಆಗುತ್ತದೆ, ಇದು ಆಗಲ್ಲ ಅಂತ ಮೊದಲೇ ಹೇಳಿಬಿಡಬೇಕು. ಆಮೇಲೆ ನಿರ್ದೇಶಕ ಆ ಮಾತಿಗೆ ತಪ್ಪಬಾರದು. ಇವತ್ತು ಹೇಳುವ ಸಿನಿಮಾಗಳನ್ನು ಈ ಒಂದೇ ತಕ್ಕಡಿಯಲ್ಲಿ ತೂಗಿದ್ದೇನೆ.

ಮೊದಲು ‘ಸಿನ್ನರ್ಸ್’. 2025ರದ್ದು, ರಯಾನ್ ಕೂಗ್ಲರ್ ನಿರ್ದೇಶನ. ಕಥೆ ನಡೆಯುವುದು 1932ರಲ್ಲಿ, ಅಮೆರಿಕದ ಮಿಸಿಸಿಪಿಯಲ್ಲಿ. ಕರಿಯ ಜನಾಂಗದ ಅವಳಿ ಅಣ್ಣತಮ್ಮ ಊರಿಗೆ ವಾಪಸ್ ಬಂದು, ಹಳೇ ಮರದ ಮಿಲ್ಲನ್ನು ಕೊಂಡು, ತಮ್ಮ ಜನ ಕುಡಿದು, ಕುಣಿದು, ತಮ್ಮದೇ ಬ್ಲೂಸ್ ಸಂಗೀತ ಕೇಳಿ ಹೋಗಲಿ ಅಂತ ಒಂದು ಜಾಗ ತೆರೆಯುತ್ತಾರೆ. ಎರಡೂ ಪಾತ್ರ ಮೈಕೆಲ್ ಬಿ. ಜೋರ್ಡನ್ ಅವರದೇ. ಸುಮಾರು ಹೊತ್ತು ರಕ್ತಪಿಶಾಚಿಗಳ ಸುದ್ದಿಯೇ ಜಾಸ್ತಿ ಇಲ್ಲ. ಫಾಸ್ಟ್ ಫಾರ್ವರ್ಡ್ ಮಾಡಬೇಡಿ, ದಯವಿಟ್ಟು.

ಇಲ್ಲಿಯ ಕಟ್ಟುಪಾಡು ತುಂಬಾ ಹಳೆಯದು. ಒಳಗಿರುವವರು ಕರೆಯದೆ ಪಿಶಾಚಿ ಹೊಸಿಲು ದಾಟುವ ಹಾಗಿಲ್ಲ. ಹಾಗಾಗಿ ಅವು ಬಾಗಿಲು ಒಡೆಯುವುದಿಲ್ಲ. ವಿನಯವಾಗಿ ಕೇಳುತ್ತವೆ. ಹೊರಗೆ ನಿಂತು ಹಾಡುತ್ತವೆ. ಈಗಷ್ಟೇ ಆಚೆ ಹೋಗಿದ್ದ ನಮ್ಮವನೇ ತಿರುಗಿ ಬಂದು ಬಾಗಿಲಲ್ಲಿ ನಿಂತು ‘ಒಳಗೆ ಕರೀರಪ್ಪಾ’ ಅನ್ನುತ್ತಾನೆ. ಯಾಕೆ ಕೇಳುತ್ತಿದ್ದಾನೆ? ಸುಮ್ನೆ ಬರಬಹುದಲ್ವಾ? ಆ ಒಂದು ಪ್ರಶ್ನೆಗೆ ನನ್ನ ಬೆನ್ನು ತಣ್ಣಗಾಯಿತು. ಇನ್ನೂ ಒಂದು ವಿಷಯ ನನಗೆ ಎರಡನೇ ಸಲ ನೋಡಿದಾಗ ಹೊಳೆಯಿತು. ಕರಿಯರು ಎಲ್ಲಿ ಕೂರಬೇಕು, ಯಾವ ಬಾಗಿಲಿಂದ ಬರಬೇಕು ಅಂತ ಬೇರೆಯವರು ತೀರ್ಮಾನ ಮಾಡುತ್ತಿದ್ದ ಕಾಲ ಅದು. ಯಾರು ಬರಬಹುದು ಅಂತ ಇವರೇ ಹೇಳುವ ಬಾಗಿಲು ಇದೊಂದೇ. ಪಿಶಾಚಿ ಬಂದು ನಿಂತಿರುವುದೂ ಅದೇ ಬಾಗಿಲಿಗೆ. ಕೊನೆಯ ಹೊಡೆದಾಟ ಸ್ವಲ್ಪ ಅವಸರ ಅನ್ನಿಸಿತು, ಇರಲಿ. ಹಾಡಿನ ದೃಶ್ಯಕ್ಕಾದರೂ ಒಳ್ಳೆ ಹೆಡ್‌ಫೋನ್ ಹಾಕಿಕೊಳ್ಳಿ.

ಎರಡನೆಯದು ಜಪಾನಿನ ‘ಗಾಡ್ಜಿಲ್ಲಾ ಮೈನಸ್ ಒನ್’, 2023. ಗಾಡ್ಜಿಲ್ಲಾ ಅನ್ನುವ ದೈತ್ಯ ಪ್ರಾಣಿಯ ಹೆಸರು ಕೇಳಿದ ತಕ್ಷಣ ಕಟ್ಟಡ ಬೀಳಿಸುವ ಸಿನಿಮಾ ಅಂದುಕೊಂಡು ಇದನ್ನು ನಾನು ಬಹಳ ದಿನ ಮುಂದಕ್ಕೆ ಹಾಕಿದ್ದೆ. ತಪ್ಪು ಮಾಡಿದ್ದೆ. ಎರಡನೇ ಮಹಾಯುದ್ಧದ ಕೊನೆ ದಿನಗಳಲ್ಲಿ ಒಬ್ಬ ಕಮಿಕಾಜೆ ಪೈಲಟ್, ಅಂದರೆ ವಿಮಾನದ ಸಮೇತ ಶತ್ರುವಿಗೆ ಬಡಿದು ಸಾಯಬೇಕಾದವನು, ಸಾಯಲು ಮನಸ್ಸಿಲ್ಲದೆ, ವಿಮಾನ ಕೆಟ್ಟಿದೆ ಅಂತ ಸುಳ್ಳು ಹೇಳಿ ಒಂದು ದ್ವೀಪದಲ್ಲಿ ಇಳಿಯುತ್ತಾನೆ. ಅದೇ ರಾತ್ರಿ ಗಾಡ್ಜಿಲ್ಲಾ ಬರುತ್ತದೆ. ಗುಂಡು ಹಾರಿಸಬೇಕಾದ ಹೊತ್ತಿನಲ್ಲಿ ಇವನ ಕೈ ಏಳುವುದಿಲ್ಲ. ಅಲ್ಲಿಂದ ಮುಂದೆ ಅವನು ಬದುಕಿದ್ದೂ ಬದುಕಿದ ಹಾಗಿರುವುದಿಲ್ಲ.

ಈ ಗಾಡ್ಜಿಲ್ಲಾ ಬೆಂಕಿ ಉಗುಳುವ ಮೊದಲು ಬೆನ್ನಿನ ಮುಳ್ಳುಗಳು ಬಾಲದ ಕಡೆಯಿಂದ ಒಂದೊಂದಾಗಿ ನೀಲಿಯಾಗಿ ಮೇಲೇಳುತ್ತವೆ. ಟಕ್, ಟಕ್, ಟಕ್. ಎಣಿಸಬಹುದು! ಒಂದು ಸಲ ಉಗುಳಿದರೆ ಅದರ ಮೈಯೇ ಸುಟ್ಟುಹೋಗಿ, ವಾಸಿಯಾಗಲು ಹೊತ್ತು ಬೇಕು. ಮನುಷ್ಯರ ಉಪಾಯವೂ ಲೆಕ್ಕಾಚಾರದ್ದೇ. ಸರ್ಕಾರ ಕೈಚೆಲ್ಲಿದಾಗ ಮಾಜಿ ನೌಕಾಪಡೆಯವರೆಲ್ಲ ಸಭೆ ಸೇರಿ, ಸಮುದ್ರದ ಆಳದ ಒತ್ತಡವನ್ನೇ ಆಯುಧ ಮಾಡುವುದು ಹೇಗೆ ಅಂತ ವಿವರವಾಗಿ ಹೇಳಿಕೊಡುತ್ತಾರೆ. ನಮಗೂ ಅರ್ಥವಾಗಿರುತ್ತದೆ. ಹಾಗಾಗಿ ಎಲ್ಲಿ ಕೆಡುತ್ತಿದೆ ಅಂತ ಯಾರೂ ಕಿರುಚಿ ಹೇಳಬೇಕಾಗಿಲ್ಲ. ಅಂದ ಹಾಗೆ, ಕಥೆ ಬರೆದು ನಿರ್ದೇಶಿಸಿದ ತಕಾಶಿ ಯಮಜಾಕಿ ಅವರೇ ಗ್ರಾಫಿಕ್ಸ್ ಉಸ್ತುವಾರಿಯನ್ನೂ ನೋಡಿಕೊಂಡರು. 35 ಜನರ ತಂಡ, 610 ಶಾಟ್. 2024ರಲ್ಲಿ ವಿಷುವಲ್ ಎಫೆಕ್ಟ್ಸ್ ಆಸ್ಕರ್ ಇವರಿಗೇ ಬಂತು.

‘ತುಂಬಾಡ್’ ನೋಡದೆ ಇರುವವರು ಇನ್ನೂ ಇದ್ದೀರಾ? 2018ರ ಹಿಂದಿ ಸಿನಿಮಾ. ಮೊದಲು ಬಂದಾಗ ಜನ ಅಷ್ಟಾಗಿ ಹೋಗಲಿಲ್ಲ, 2024ರಲ್ಲಿ ಮತ್ತೆ ಬಿಟ್ಟಾಗ ಮೊದಲ ಸಲಕ್ಕಿಂತ ಜಾಸ್ತಿ ದುಡಿಯಿತು. ದೇವತೆಯ ಮಗ ಹಸ್ತರ್ ಅನ್ನುವವನಿಗೆ ಚಿನ್ನ ಎಷ್ಟು ಬೇಕಾದರೂ ಉಂಟು, ಅನ್ನ ಮಾತ್ರ ಇಲ್ಲ. ಅವನಿಗೆ ಹಿಟ್ಟಿನ ಗೊಂಬೆ ಹಾಕಿ, ಅವನು ಅದನ್ನು ಮುಕ್ಕುವಷ್ಟರಲ್ಲಿ ಚಿನ್ನ ಕದಿಯಬೇಕು. ಹಿಟ್ಟಿನ ಗೆರೆಯೊಳಗೆ ನಿಂತರೆ ಬಚಾವ್. ಇಷ್ಟೇ. ಇದರ ಮೇಲೆ ದುರಾಸೆಯನ್ನು ಬಿಟ್ಟುನೋಡಿ, ಕಥೆ ತಾನಾಗಿ ಓಡುತ್ತದೆ.

ಈಗ ಬೈಸಿಕೊಳ್ಳುವ ಮಾತು. ‘ಎ ಕ್ವೈಟ್ ಪ್ಲೇಸ್’ ಎಲ್ಲರಿಗೂ ಇಷ್ಟ, ನನಗೂ ಇಷ್ಟ. ಸದ್ದು ಕೇಳಿ ಬೇಟೆಯಾಡುವ ರಾಕ್ಷಸರ ನಡುವೆ ಒಂದು ಕುಟುಂಬ ಬದುಕುವ ಕಥೆ. ಸದ್ದು ಮಾಡಿದರೆ ಸತ್ತೆ, ಎಂಥಾ ಚೆಂದದ ಕಟ್ಟುಪಾಡು! ಆದರೆ ಜಲಪಾತದ ಹತ್ತಿರ ಕೂಗಾಡಿದರೂ ಏನೂ ಆಗಲ್ಲ ಅಂತ ಸಿನಿಮಾನೇ ತೋರಿಸುತ್ತದೆ. ಹಾಗಿದ್ದರೆ ಮನೆಯ ತುಂಬು ಗರ್ಭಿಣಿಯನ್ನು ಕರೆದುಕೊಂಡು ಅಲ್ಲೇ ಹೋಗಿ ಇರಬಾರದಿತ್ತಾ? ಈ ಪ್ರಶ್ನೆ ತಲೆಗೆ ಬಂದ ಮೇಲೆ ನನಗೆ ಆ ಮನೆಯಲ್ಲಿ ನೆಮ್ಮದಿಯಾಗಿ ಹೆದರಲು ಆಗಲಿಲ್ಲ. ಆದರೂ ನೋಡಿ. ಮೆಟ್ಟಿಲ ಮೇಲಿನ ಆ ಮೊಳೆಗೋಸ್ಕರ ನೋಡಿ.

ಬರೀ ಮಜಾ ಬೇಕು ಅನ್ನುವವರಿಗೆ ‘ಎಡ್ಜ್ ಆಫ್ ಟುಮಾರೋ’. ಸತ್ತರೆ ಅದೇ ದಿನ ಮತ್ತೆ ಶುರು. ಟಾಮ್ ಕ್ರೂಸ್ ಸಾಯುತ್ತಲೇ ಇರುತ್ತಾರೆ, ನಾವು ನಗುತ್ತಲೇ ಇರುತ್ತೇವೆ.

ಕೊನೆಯದು ‘ಕೊಹೆರೆನ್ಸ್’, 2013. ಇದರಲ್ಲಿ ರಾಕ್ಷಸರಿಲ್ಲ. ಎಂಟು ಜನ ಗೆಳೆಯರು ಊಟಕ್ಕೆ ಸೇರಿದ್ದಾರೆ, ಮೇಲೆ ಧೂಮಕೇತು ಹಾದುಹೋಗುತ್ತಿದೆ, ಕರೆಂಟ್ ಹೋಗುತ್ತದೆ. ಬೀದಿಯಲ್ಲಿ ಒಂದೇ ಒಂದು ಮನೆಯಲ್ಲಿ ದೀಪ ಉರಿಯುತ್ತಿದೆ. ಇಬ್ಬರು ನೋಡಿಕೊಂಡು ಬರಲು ಹೋಗುತ್ತಾರೆ. ಇದಕ್ಕಿಂತ ಜಾಸ್ತಿ ಹೇಳಲಾರೆ. ನಿರ್ದೇಶಕರ ಮನೆಯಲ್ಲೇ ಐದು ರಾತ್ರಿಯಲ್ಲಿ ಚಿತ್ರೀಕರಿಸಿದ್ದು. ನಟರಿಗೆ ಪೂರ್ತಿ ಸ್ಕ್ರಿಪ್ಟ್ ಕೊಟ್ಟಿರಲಿಲ್ಲ, ಅವರವರ ಪಾತ್ರಕ್ಕೆ ಒಂದಷ್ಟು ಚೀಟಿ ಕೊಡುತ್ತಿದ್ದರು ಅಷ್ಟೇ. ಮುಖದ ಮೇಲಿನ ಗಲಿಬಿಲಿ ಅರ್ಧ ನಿಜವಾದದ್ದೇ. ನೋಡುವಾಗ ಫೋನ್ ದೂರ ಇಡಿ. ಯಾರ ಕೈಯಲ್ಲಿ ಯಾವ ಬಣ್ಣದ ಬೆಳಕಿನ ಕಡ್ಡಿ ಇದೆ ಅಂತ ಗುರುತಿಟ್ಟುಕೊಳ್ಳಿ. ನಾನು ಮೊದಲ ಸಲ ಗುರುತಿಟ್ಟುಕೊಂಡಿರಲಿಲ್ಲ. ಮುಗಿದ ತಕ್ಷಣ ಮತ್ತೆ ಶುರುವಿನಿಂದ ಹಾಕಿದೆ, ಆವತ್ತು ಮಲಗಿದ್ದು ಮೂರು ಗಂಟೆಗೆ.